ಕುಂಡ ಸೀಳಿದ ಕತ್ತಾಳೆ: ಮಳೆ ಶುರುವಾದ ಮೇಲೆ ಬದಲಿಸಬಹುದಾ?

ಪ್ರಶ್ನೆ: ನಮ್ಮ ಮನೆ ಬನಶಂಕರಿಯಲ್ಲಿ. ನಾಲ್ಕು ವರ್ಷದ ಹಿಂದೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹಳದಿ ಅಂಚಿನ ಒಂದು ಅಗೇವ್ ಗಿಡ ತಂದಿದ್ದೆ. ಆಗ ಅಂಗೈ ಅಗಲ ಇತ್ತು, ಈಗ ಒಂದೂವರೆ ಅಡಿ ಹರಡಿದೆ. ಇನ್ನೂ ಅದೇ 8 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದೆ. ಕುಂಡ ಒಂದು ಕಡೆ ಉಬ್ಬಿ ಸೀಳಿದೆ. ತಳದ ತೂತಿನಿಂದ ಬೇರು ಇಣುಕುತ್ತಿದೆ. ಸುತ್ತ ಐದು ಮರಿ ಎದ್ದಿವೆ. ಕೆಳಗಿನ ನಾಲ್ಕು ಎಲೆ ಒಣಗಿವೆ. ನೀರು ಹಾಕಿದರೆ ಮಣ್ಣಿಗೆ ಇಳಿಯದೆ ಪಕ್ಕದಿಂದ ಹರಿದು ಹೋಗುತ್ತದೆ. ಬದಲಿಸೋಣ ಅಂದುಕೊಳ್ಳುವಷ್ಟರಲ್ಲಿ ಜೂನ್ ಬಂತು, ಮಳೆ ಶುರುವಾಯಿತು. ಈಗ ಬದಲಿಸಬಹುದಾ, ಕಾಯಬೇಕಾ? ಯಾವ ಮಣ್ಣು ಹಾಕಲಿ? ಒಂದೇ ಸಲ 16 ಇಂಚಿನ ಕುಂಡಕ್ಕೆ ಹಾಕಿಬಿಡಲಾ? ಇನ್ನೊಂದು ವಿಷಯ, ಮುಳ್ಳಿನ ಗಿಡ ಮನೆಯಲ್ಲಿ ಇರಬಾರದು ಅಂತ ನಮ್ಮತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕಾಯಬೇಡಿ, ಈ ವಾರವೇ ಬದಲಿಸಿ. 16 ಇಂಚಿನ ಕುಂಡ ಬೇಡ, 10 ಇಂಚಿನದು ಸಾಕು. ಬದಲಿಸಿದ ದಿನ ಒಂದು ಹನಿ ನೀರನ್ನೂ ಹಾಕಬೇಡಿ. ಮೊದಲ ಎರಡರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಮೂರನೆಯದರಲ್ಲಿ ಎಡವಿದರೆ ಕಷ್ಟ.

ಇದನ್ನು ನಾನು ಕಲಿತದ್ದು ಒಂದು ಗಿಡ ಕೊಂದ ಮೇಲೆ. ಅದೊಂದು ಸೆಪ್ಟೆಂಬರ್. ನಿಮ್ಮದರ ಹಾಗೆಯೇ ಕುಂಡ ತುಂಬಿ ನಿಂತಿದ್ದ ಅಗೇವ್. ಪದೇ ಪದೇ ಯಾರು ಬದಲಿಸ್ತಾರೆ ಅಂತ ಬಕೆಟ್ಟಿನಷ್ಟು ದೊಡ್ಡ ಕುಂಡಕ್ಕೆ ಹಾಕಿದೆ. ಕೈ ತುಂಬ ಗೊಬ್ಬರ ಕೊಟ್ಟೆ. ದಾಸವಾಳಕ್ಕೆ, ಗುಲಾಬಿಗೆ ಮಾಡುವ ಹಾಗೆ ನೀರು ತುಂಬಿ ಬಿಟ್ಟೆ. ಸಂಜೆ ಮಳೆಯೂ ಸುರಿಯಿತು. ಮೂರು ವಾರ ಗಿಡ ನೋಡಲು ಚೆನ್ನಾಗೇ ಇತ್ತು, ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ನಾಲ್ಕನೇ ವಾರ ಸುಳಿಯನ್ನು ಸುಮ್ನೆ ಮುಟ್ಟಿ ಅಲ್ಲಾಡಿಸಿದೆ. ಇಡೀ ಸುಳಿ ಕೈಗೆ ಬಂತು. ಬುಡ ಕೊಳೆತ ಸೌತೆಕಾಯಿ ಥರ ಆಗಿತ್ತು. ಆ ವಾಸನೆ ಇನ್ನೂ ನೆನಪಿದೆ.

ಅಗೇವ್ ಅಂದ ತಕ್ಷಣ ಏನೋ ಹೊಸ ವಿದೇಶಿ ಗಿಡ ಅನ್ನಿಸುತ್ತದೆ. ಹಳ್ಳಿ ಕಡೆಯವರಿಗೆ ಇದು ಹಳೇ ಪರಿಚಯ. ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕ ಬೇಲಿಯಾಗಿ ನಿಂತಿರುವ ಕತ್ತಾಳೆಯೂ ಅಗೇವೇ. ಅದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಮೂಲ ಊರು ಮಾತ್ರ ಮೆಕ್ಸಿಕೋ ಮತ್ತು ಅದರ ಸುತ್ತಲಿನ ಒಣ ನಾಡು. ಅಲ್ಲಿ ಇದೇ ಕುಲದ ನೀಲಿ ಗಿಡದ ಗಡ್ಡೆಯಂಥ ಬುಡದಿಂದ ಟಕೀಲಾ ಅನ್ನುವ ಮದ್ಯ ಮಾಡುತ್ತಾರೆ. ನಿಮ್ಮದು ಹಳದಿ ಅಂಚಿನದು ಅಂದಿರಿ. ಎಲೆ ಅಗಲವಾಗಿ, ಬೂದು ಹಸಿರಾಗಿ, ತುದಿ ಸ್ವಲ್ಪ ಬಾಗಿದ್ದರೆ ಬಹುಶಃ ಅಗೇವ್ ಅಮೆರಿಕಾನಾದ ಪಟ್ಟೆ ತಳಿ. ಎಲೆ ಕಿರಿದಾಗಿ, ಕತ್ತಿಯ ಹಾಗೆ ನೆಟ್ಟಗೆ ಇದ್ದು, ಅಂಚು ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಅಗೇವ್ ಅಂಗುಸ್ಟಿಫೋಲಿಯಾ. ಎರಡಕ್ಕೂ ಕೆಲಸ ಒಂದೇ. ಅಮೆರಿಕಾನಾ ಆದರೆ ಒಂದು ಮಾತು ನೆನಪಿರಲಿ. ನೆಲದಲ್ಲಿ ನೆಟ್ಟರೆ ಅದು ಆಳೆತ್ತರ ಬೆಳೆದು ಗೇಟಿಗೆ ಅಡ್ಡ ನಿಲ್ಲುವ ಗಿಡ. ಕುಂಡದಲ್ಲಿ ಮಾತ್ರ ಹದ್ದುಬಸ್ತಿನಲ್ಲಿ ಇರುತ್ತದೆ. ಅಂದರೆ ಕುಂಡ ಇಕ್ಕಟ್ಟಾಗಿರುವುದು ಪೂರ್ತಿ ಕೆಟ್ಟದ್ದಲ್ಲ. ನಿಮ್ಮ ಗಿಡಕ್ಕೆ ಬಂದಿರುವ ತೊಂದರೆ ಇಕ್ಕಟ್ಟಿನದಲ್ಲ, ನೀರು ಇಳಿಯದೆ ಇರುವುದು.

ನಾಲ್ಕು ವರ್ಷದಲ್ಲಿ ಬೇರು ಎಲ್ಲಾ ಜಾಗ ತುಂಬಿಕೊಂಡಿದೆ. ನರ್ಸರಿಯಿಂದ ಬಂದಾಗ ಕುಂಡದಲ್ಲಿ ಹೆಚ್ಚಾಗಿ ಕೊಕೊಪೀಟೇ, ಅಂದರೆ ತೆಂಗಿನ ನಾರಿನ ಪುಡಿಯೇ ಇದ್ದಿರಬೇಕು, ತೂಕ ಕಡಿಮೆ ಅಂತ ಅದನ್ನೇ ಹಾಕುತ್ತಾರೆ. ಕೊಕೊಪೀಟಿನ ಬುದ್ಧಿ ವಿಚಿತ್ರ. ಒದ್ದೆ ಇದ್ದರೆ ವಾರಗಟ್ಟಲೆ ಒದ್ದೆ. ಪೂರ್ತಿ ಒಣಗಿತೋ, ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕುಗ್ಗಿ ಕುಂಡದ ಗೋಡೆಯಿಂದ ದೂರ ಸರಿಯುತ್ತದೆ. ನೀವು ಹಾಕುವ ನೀರು ಆ ಸಂದಿಯಲ್ಲಿ ಇಳಿದು, ಸೀಳಿನಿಂದ ಹೊರಗೆ ಹೋಗುತ್ತದೆ. ಬೇರಿನ ಮಧ್ಯಭಾಗಕ್ಕೆ ತಿಂಗಳಾನುಗಟ್ಟಲೆಯಿಂದ ನೀರೇ ಮುಟ್ಟಿರಲಿಕ್ಕಿಲ್ಲ. ಕೆಳಗಿನ ಎಲೆ ಒಣಗಿದ್ದು ಅದಕ್ಕೇ. ರೋಗ ಅಲ್ಲ. ಗಿಡ ಹಳೆ ಎಲೆಯಲ್ಲಿದ್ದ ನೀರನ್ನು ಎಳೆದುಕೊಂಡು ಸುಳಿಗೆ ಕೊಟ್ಟಿದೆ, ಅಷ್ಟೇ. ಒಣಗಿದ ಎಲೆ ಕಾಗದದ ಹಾಗೆ ಗರಿಗರಿ ಇದ್ದರೆ ಚಿಂತೆ ಬೇಡ. ಹಳದಿಯಾಗಿ, ಮೆತ್ತಗೆ, ಹಿಂಡಿದರೆ ನೀರು ಬರುವ ಹಾಗಿದ್ದರೆ ಮಾತ್ರ ಕೊಳೆ.

ಈಗ ನೀರಿನ ವಿಷಯಕ್ಕೆ ಬರೋಣ. ಅಂಗಡಿ ಬಾಗಿಲ ಮೇಲೆ ದೃಷ್ಟಿಗೆ ಅಂತ ಲೋಳೆಸರದ ಗಿಡ ಬುಡಮೇಲು ಮಾಡಿ ಕಟ್ಟಿರುವುದನ್ನು ನೋಡಿರುತ್ತೀರಿ. ಮಣ್ಣಿಲ್ಲ, ನೀರಿಲ್ಲ, ಬೇರು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಕೆಲವು ಹಾಗೇ ತೂಗಾಡುತ್ತಾ ಸುಳಿಯನ್ನು ಮೇಲಕ್ಕೆ ತಿರುಗಿಸಿಕೊಳ್ಳುವುದೂ ಉಂಟು. ಲೋಳೆಸರ ಬೇರೆ ಜಾತಿ, ಕತ್ತಾಳೆ ಬೇರೆ. ಆದರೆ ಜಾಯಮಾನ ಒಂದೇ. ಎರಡೂ ಎಲೆಯಲ್ಲೇ ನೀರಿನ ತೊಟ್ಟಿ ಕಟ್ಟಿಕೊಂಡಿವೆ. ಇನ್ನೊಂದು ಉಪಾಯವೂ ಇದೆ. ಬೇರೆ ಗಿಡಗಳು ಹಗಲು ಹೊತ್ತು ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಅಗೇವ್ ಹಗಲೆಲ್ಲಾ ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಅಡುಗೆ ಮಾಡಿಕೊಳ್ಳುತ್ತದೆ. ಇಂಥ ಗಿಡಕ್ಕೆ ಹತ್ತು ದಿನ ನೀರಿಲ್ಲದಿರುವುದು ಒಂದು ಏಕಾದಶಿ ಉಪವಾಸ ಇದ್ದ ಹಾಗೆ.

ಕುಂಡ ಬದಲಿಸುವಾಗ ಎಷ್ಟೇ ಹುಷಾರಾಗಿದ್ದರೂ ಸಣ್ಣ ಬೇರು ಹರಿಯುತ್ತವೆ. ಮರಿ ಬಿಡಿಸಿದ ಕಡೆ ಕೊಯ್ದ ಗಾಯ ಇರುತ್ತದೆ. ಆ ಗಾಯ ಒಣಗಿ ಚರ್ಮ ಕಟ್ಟಿದರೆ ಏನೂ ಆಗುವುದಿಲ್ಲ. ಹಸಿ ಗಾಯಕ್ಕೆ ಒದ್ದೆ ಮಣ್ಣು ಮೆತ್ತಿದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ. ಜೊತೆಗೆ ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರು ಕಟ್ಟಿದ ಬೇರು ಮೊದಲು ಸಾಯುತ್ತದೆ, ಆಮೇಲೆ ಕೊಳೆಯುತ್ತದೆ. ಬೇರು ಹೋದ ಗಿಡ ನೀರು ಕುಡಿಯಲಾರದೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಕಥೆ ಮುಗಿಯಿತು.

ಇನ್ನು ಕಾಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಚಳಿ ಬಿಟ್ಟಿರುತ್ತದೆ, ಗಾಳಿ ಒಣಗಿರುತ್ತದೆ, ಗಿಡ ಬೆಳೆಯಲು ಶುರು ಮಾಡುತ್ತದೆ, ಮುಂದಿನ ಮಳೆಯೊಳಗೆ ಬೇರು ನೆಲೆಯಾಗುತ್ತದೆ. ನಿಮಗೆ ಆ ಕಾಲ ಕಳೆದಿದೆ. ಆದರೆ ನಮ್ಮೂರಿನ ಜೂನ್, ಜುಲೈ ಮಳೆ ಮಲೆನಾಡಿನ ಮಳೆಯ ಹಾಗಲ್ಲ. ಮೋಡ, ಗಾಳಿ, ನಡುನಡುವೆ ಜಿನುಗು. ನಿಜವಾದ ಹೊಡೆತ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ನೇರ ಬೀಳದ ಸಜ್ಜಾ ಕೆಳಗೆ, ಗಾಳಿಯಾಡುವ ಬಾಲ್ಕನಿಯಲ್ಲಿ ಜಾಗ ಇದ್ದರೆ ಈಗ ಮಾಡಬಹುದು. ಕುಂಡ ಸೀಳಿರದಿದ್ದರೆ, ನೀರು ಇಳಿಯುತ್ತಿದ್ದರೆ, ಮುಂದಿನ ಫೆಬ್ರವರಿವರೆಗೆ ಸುಮ್ಮನಿರಿ ಅಂತಲೇ ಹೇಳುತ್ತಿದ್ದೆ. ತೆರೆದ ಟೆರೇಸ್ ಬಿಟ್ಟು ಬೇರೆ ಜಾಗವೇ ಇಲ್ಲ ಅನ್ನುವವರೂ ಕಾಯುವುದೇ ವಾಸಿ.

ಕುಂಡದ ಅಳತೆಗೆ ಬರುತ್ತೇನೆ. ಈಗಿನ ಕುಂಡಕ್ಕಿಂತ 2 ಇಂಚು ಅಗಲ, ಅದಕ್ಕಿಂತ ಜಾಸ್ತಿ ಬೇಡ. 16 ಇಂಚಿನ ಕುಂಡದಲ್ಲಿ ಬೇರು ಮುಟ್ಟದ ಮಣ್ಣೇ ಮುಕ್ಕಾಲು ಭಾಗ ಇರುತ್ತದೆ. ಆ ಮಣ್ಣಿನ ನೀರನ್ನು ಕುಡಿಯುವವರು ಯಾರೂ ಇಲ್ಲ. ಅದು ವಾರಗಟ್ಟಲೆ ಒದ್ದೆಯಾಗಿಯೇ ಕೂರುತ್ತದೆ. ಆಳವೂ ಬೇಡ. ಅಗೇವ್ ಬೇರು ಪಾತಾಳಕ್ಕೆ ಇಳಿಯುವ ಬೇರಲ್ಲ, ಮೇಲುಮೇಲೆ ಹರಡುವಂಥದ್ದು. ಅಗಲ ಇದ್ದಷ್ಟೇ ಎತ್ತರ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಇರುವ ಕುಂಡ ನೋಡಿ.

ನನ್ನ ಆಯ್ಕೆ ಮಣ್ಣಿನ ಕುಂಡ. ಅದರ ಗೋಡೆಯಿಂದಲೂ ನೀರು ಆವಿಯಾಗುತ್ತದೆ. ತೂಕ ಇರುವುದರಿಂದ ಗಾಳಿಗೆ ಉರುಳುವುದಿಲ್ಲ. ಅಗೇವ್‌ಗೆ ತಲೆಭಾರ ಜಾಸ್ತಿ, ಪ್ಲಾಸ್ಟಿಕ್ ಕುಂಡ ಆಷಾಢದ ಗಾಳಿಗೆ ಮಗುಚುತ್ತದೆ. ಕಂಟೋನ್ಮೆಂಟ್ ಹತ್ತಿರದ ಪಾಟರಿ ಟೌನ್‌ನಲ್ಲಿ ಕುಂಬಾರರ ಹತ್ತಿರವೇ ಸಿಗುತ್ತದೆ, ನಿಮಗೆ ಸಿದ್ದಾಪುರದ ನರ್ಸರಿಗಳು ಇನ್ನೂ ಹತ್ತಿರ. ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ, ಖಣ್ ಅಂದರೆ ಚೆನ್ನಾಗಿ ಬೆಂದಿದೆ. ತಳದ ತೂತು ಹೆಬ್ಬೆರಳು ಹಿಡಿಸುವಷ್ಟು ಇರಲಿ. ಈಗ ಶೋಕಿಗೆ ಬರುತ್ತಿರುವ ಬಣ್ಣದ ಸೆರಾಮಿಕ್ ಕುಂಡಗಳಲ್ಲಿ ಎಷ್ಟೋ ಸಲ ತೂತೇ ಇರುವುದಿಲ್ಲ. ಅಂಥದ್ದು ಅಗೇವ್‌ಗೆ ಬೇಡವೇ ಬೇಡ.

ತಳಕ್ಕೆ ಒಂದು ಪದರ ಜಲ್ಲಿ ಹಾಕಿ, ನೀರು ಚೆನ್ನಾಗಿ ಬಸಿಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ಹಾಕಿದ್ದೆ. ಅದು ತಪ್ಪು. ಒದ್ದೆ ಸ್ಪಂಜನ್ನು ಜಾಲರಿ ಮೇಲೆ ಇಟ್ಟು ನೋಡಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಸ್ಪಂಜಿನ ತಳಭಾಗ ಮಾತ್ರ ಒದ್ದೆಯಾಗಿಯೇ ಉಳಿಯುತ್ತದೆ. ಕೆಳಗೆ ಎಷ್ಟು ಖಾಲಿ ಜಾಗ ಇದ್ದರೂ ಅಷ್ಟೇ. ಕುಂಡದಲ್ಲೂ ಹಾಗೆಯೇ, ಸಣ್ಣ ಕಣದ ಮಣ್ಣಿನಿಂದ ನೀರು ದಪ್ಪ ಜಲ್ಲಿಗೆ ಸಲೀಸಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆ ಒಂದು ಒದ್ದೆ ಪದರ ನಿಲ್ಲುತ್ತದೆ. ಜಲ್ಲಿ ಹಾಕಿ ನೀವು ಆ ಒದ್ದೆಯನ್ನು ಬೇರಿಗೆ ಇನ್ನೂ ಹತ್ತಿರ ತಂದಿರುತ್ತೀರಿ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಪರದೆಯ ತುಂಡು, ಅಷ್ಟು ಸಾಕು. ಜಲ್ಲಿ ಇರಬೇಕಾದ್ದು ತಳದಲ್ಲಲ್ಲ, ಮಣ್ಣಿನೊಳಗೆ ಬೆರೆತು.

ಆ ಮಿಶ್ರಣ ಹೀಗೆ. 10 ಇಂಚಿನ ಕುಂಡಕ್ಕೆ ಹೆಚ್ಚುಕಡಿಮೆ 8 ಲೀಟರ್ ಹಿಡಿಯುತ್ತದೆ. ಒಂದು ಲೀಟರಿನ ಮಗ್ ತೆಗೆದುಕೊಳ್ಳಿ. 3 ಮಗ್ ಕೆಂಪು ಮಣ್ಣು, 4 ಮಗ್ ಕಲ್ಲು ಮತ್ತು ಇಟ್ಟಿಗೆ ಚೂರು, 1 ಮಗ್ ಚೆನ್ನಾಗಿ ಕಳಿತ ಎರೆಗೊಬ್ಬರ. ಒಂದು ಹಿಡಿ ಬೇವಿನ ಹಿಂಡಿ ಇದ್ದರೆ ಸೇರಿಸಿ, ಇಲ್ಲದಿದ್ದರೂ ನಡೆಯುತ್ತದೆ. ಹಸಿ ಸಗಣಿ ಗೊಬ್ಬರ ಬೇಡ.

ಕೆಂಪು ಮಣ್ಣು ನಮ್ಮೂರಿನ ಮಣ್ಣೇ. ಆದರೆ ಅದನ್ನೊಂದೇ ಹಾಕಿದರೆ ನೆನೆದಾಗ ಅಂಟಾಗಿ, ಒಣಗಿದಾಗ ಇಟ್ಟಿಗೆಯಾಗಿ ಕೂರುತ್ತದೆ. ಅದನ್ನು ಬಿಡಿಸುವುದೇ ಚೂರುಗಳ ಕೆಲಸ. ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಬೇಬಿ ಜಲ್ಲಿ ಅಂತ ಕೇಳಿ, 6 ಮಿ.ಮೀ. ಗಾತ್ರದ್ದು. ಅರ್ಧ ಅದು, ಇನ್ನರ್ಧ ಇಟ್ಟಿಗೆ ಕುಟ್ಟಿ ಮಾಡಿದ ಕಡಲೆಕಾಳು ಗಾತ್ರದ ಚೂರು. ನಿಮ್ಮ ಬೀದಿಯಲ್ಲಿ ಯಾವುದಾದರೂ ಮನೆ ಕಟ್ಟುತ್ತಿದ್ದರೆ ಎರಡೂ ಬಿಟ್ಟಿಯಾಗಿ ಸಿಗುತ್ತವೆ, ಮೇಸ್ತ್ರಿಯನ್ನು ಕೇಳಿ ತನ್ನಿ. ಬೆಂಗಳೂರಲ್ಲಿ ಮನೆ ಕಟ್ಟದ ಬೀದಿ ಎಲ್ಲಿದೆ? ಪರ್ಲೈಟ್, ಪ್ಯೂಮಿಸ್ ಅನ್ನುವ ಹಗುರ ಕಲ್ಲಿನ ಚೂರು ಸಿಕ್ಕರೆ ಹಾಕಬಹುದು, ಹಗುರ ಆಗುತ್ತದೆ. ದುಡ್ಡು ಕೊಟ್ಟು ತರಲೇಬೇಕಾದ್ದಲ್ಲ.

ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸುವ ಮರಳಿನ ಬಗ್ಗೆ ಒಂದು ಎಚ್ಚರಿಕೆ. ಮರಳು ಬೆರೆಸಿ ಅಂದರೆ ಎಲ್ಲರೂ ಅದನ್ನೇ ತರುತ್ತಾರೆ. ಅದರಲ್ಲಿ ಕಲ್ಲಿನ ಹಿಟ್ಟು ತುಂಬಾ ಇರುತ್ತದೆ. ಆ ಹಿಟ್ಟು ಕೆಂಪು ಮಣ್ಣಿನ ಜೊತೆ ಸೇರಿ ಗಾರೆ ಥರ ಬಿಗಿಯುತ್ತದೆ. ಬಳಸಲೇಬೇಕು ಅಂದರೆ ಜರಡಿ ಹಿಡಿದು ಮೇಲೆ ನಿಂತ ತರಿಯನ್ನು ಮಾತ್ರ ತೊಳೆದು ಹಾಕಿ. ಇಟ್ಟಿಗೆ ಚೂರನ್ನೂ ಹೀಗೇ ಜರಡಿ ಹಿಡಿಯಿರಿ, ಕೆಂಪು ಧೂಳು ಬೇಡ. ಅಡುಗೆಮನೆಯ ಜರಡಿ ಮುಟ್ಟಬೇಡಿ. ಅತ್ತೆಯವರ ದೂರು ಎರಡಾಗುತ್ತದೆ.

ಬೆರೆಸಿದ ಮೇಲೆ ಪರೀಕ್ಷೆ ಮಾಡಿ. ಒಂದು ಹಳೇ ಕುಂಡಕ್ಕೆ ಮಿಶ್ರಣ ತುಂಬಿ ಒಂದು ಚೊಂಬು ನೀರು ಸುರಿಯಿರಿ. ಹತ್ತು ಎಣಿಸುವುದರೊಳಗೆ ಮೇಲಿನ ನೀರು ಇಂಗಿ ತಳದಿಂದ ಸುರಿಯಬೇಕು. ಮೇಲೆ ಕೆರೆ ಕಟ್ಟಿ ನಿಂತರೆ ಇನ್ನೊಂದು ಮಗ್ ಚೂರು ಸೇರಿಸಿ. ಒದ್ದೆಯಾದ ಆ ಮಣ್ಣನ್ನು ಗಿಡ ನೆಡಲು ಬಳಸಬೇಡಿ, ಒಣಗಲು ಬಿಡಿ.

ಗಿಡ ತೆಗೆಯುವ ವಾರ ಮೊದಲೇ ನೀರು ನಿಲ್ಲಿಸಿ. ನಿಮ್ಮದು ಹೇಗೂ ಒಣಗಿಯೇ ಇದೆ. ಒಣ ಮಣ್ಣು ಬೇರಿನಿಂದ ಸುಲಭವಾಗಿ ಉದುರುತ್ತದೆ. ಉದ್ದ ತೋಳಿನ ಅಂಗಿ, ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್‌ನವರು ಕೊಳ್ಳುವ ಚರ್ಮದ ಗ್ಲೌಸ್, ಕನ್ನಡಕ. ಕನ್ನಡಕವನ್ನು ಸುಮ್ನೆ ಹೇಳುತ್ತಿಲ್ಲ. ಬಗ್ಗಿ ಮಣ್ಣು ಕೆದಕುವಾಗ ಮುಖ ಎಲೆಯ ತುದಿಗೆ ಎಷ್ಟು ಹತ್ತಿರ ಹೋಗುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಪ್ರತಿ ಎಲೆಯ ಮುಳ್ಳಿಗೂ ಒಂದೊಂದು ಥರ್ಮಾಕೋಲ್ ತುಂಡು ಚುಚ್ಚಿಬಿಡಿ. ನೋಡಲು ತಮಾಷೆಯಾಗಿರುತ್ತದೆ, ಕೆಲಸ ನಿರಾಳ. ರಸವೂ ಒಳ್ಳೆಯದಲ್ಲ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಚರ್ಮಕ್ಕೆ ತಾಗಿದರೆ ನವೆ, ಕೆಲವರಿಗೆ ಗುಳ್ಳೆ. ಕತ್ತಾಳೆ ನಾರು ತೆಗೆದವರನ್ನು ಕೇಳಿ, ಕೈ ಕೆರೆತ ಅವರಿಗೆ ಚೆನ್ನಾಗಿ ಗೊತ್ತು. ತಾಗಿದರೆ ಸೋಪು ಹಾಕಿ ತಕ್ಷಣ ತೊಳೆಯಿರಿ. ಮಕ್ಕಳನ್ನು, ನಾಯಿ ಬೆಕ್ಕುಗಳನ್ನು ಅಷ್ಟು ಹೊತ್ತು ಒಳಗೆ ಕಳಿಸಿ.

ಗೋಣಿಚೀಲ ಹಾಸಿ ಕುಂಡವನ್ನು ಅಡ್ಡ ಮಲಗಿಸಿ. ಇನ್ನೊಂದು ಗೋಣಿಯನ್ನು ಗಿಡಕ್ಕೆ ಸುತ್ತಿ, ಎಲೆಗಳು ಮೇಲೆ ಒಟ್ಟಾಗುವ ಹಾಗೆ ಸಡಿಲವಾಗಿ ಕಟ್ಟಿ. ನಿಮ್ಮ ಕುಂಡ ಹೇಗೂ ಸೀಳಿದೆ, ಅದನ್ನು ಉಳಿಸಲು ಹೋಗಬೇಡಿ. ಸೀಳಿನಿಂದಲೇ ಕತ್ತರಿಸಿ ತೆಗೆಯಿರಿ. ಎಲೆ ಹಿಡಿದು ಎಳೆಯುವುದು ಬೇಡ, ಎಲೆ ಕಿತ್ತರೆ ಬುಡದಲ್ಲಿ ಗಾಯ. ಬುಡಕ್ಕೆ ಕೈ ಹಾಕಿ ಹಿಡಿಯಬೇಕು. ತೂತಿನಿಂದ ಹೊರಬಂದ ಬೇರು ಸಿಕ್ಕಿಕೊಂಡರೆ ಕತ್ತರಿಸಿ, ಏನೂ ಆಗುವುದಿಲ್ಲ.

ಹೊರಗೆ ಬಂದ ಮೇಲೆ ಕುಂಡದ ಆಕಾರದಲ್ಲೇ ಬೇರಿನ ಬುಟ್ಟಿ ಕಾಣಿಸುತ್ತದೆ. ಹಳೇ ಮಣ್ಣನ್ನು ಕೈಯಿಂದ ಉದುರಿಸಿ, ಅಗರಬತ್ತಿ ಕಡ್ಡಿ ತೂರಿಸಿ ಸಡಿಲಿಸಿ. ಮುಕ್ಕಾಲು ಭಾಗ ಹೋದರೂ ಸಾಕು. ಈಗ ಬೇರು ನೋಡಿ. ಬಿಳಿ ಅಥವಾ ಕಂದು, ಎಳೆದರೆ ದಾರದ ಹಾಗೆ ಗಟ್ಟಿ, ಅದು ಚೆನ್ನಾಗಿದೆ. ಕಪ್ಪಗೆ, ಎಳೆದರೆ ಸಿಪ್ಪೆ ಮಾತ್ರ ಕೈಗೆ ಬಂದರೆ ಕೊಳೆತದ್ದು. ಟೊಳ್ಳಾಗಿ ಒಣಗಿದ್ದು ಸುಮ್ಮನೆ ಸತ್ತದ್ದು. ಎರಡನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ತೆಗೆಯಿರಿ. ಸುತ್ತಿ ಸುತ್ತಿ ಜಡೆಯಾದ ಉದ್ದ ಬೇರನ್ನು ಮೂರನೇ ಒಂದು ಭಾಗ ಮೊಟಕು ಮಾಡಬಹುದು. ಬೇರಿನ ನಡುವೆ ಹತ್ತಿಯ ಹಾಗೆ ಬಿಳಿ ಮೆತ್ತಿದ್ದು ಕಂಡರೆ ಅದು ಹಿಟ್ಟು ತಿಗಣೆ. ಆಗ ಹಳೇ ಮಣ್ಣು ಒಂದು ಹಿಡಿಯೂ ಉಳಿಯಬಾರದು. ನಲ್ಲಿ ಕೆಳಗೆ ಬೇರು ಪೂರ್ತಿ ತೊಳೆಯಿರಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕದೆ ಎಸೆಯಿರಿ.

ಮರಿಗಳು ಅಮ್ಮನ ಬುಡದಿಂದ ನೆಲದೊಳಗೆ ಹೊರಟ ದಪ್ಪ ಬಿಳಲಿನಂಥ ಕಾಂಡದ ತುದಿಯಲ್ಲಿ ಇರುತ್ತವೆ. ಆ ಕಾಂಡವನ್ನು ಹುಡುಕಿ ಚೂಪಾದ ಚಾಕುವಿನಿಂದ ಕೊಯ್ಯಿರಿ, ಮರಿಯ ಕಡೆ ಒಂದೆರಡು ಇಂಚು ಬಿಟ್ಟು. ನಾಲ್ಕೈದು ಎಲೆ ಬಂದು ತನ್ನದೇ ಬೇರು ಇರುವ ಮರಿ ಗ್ಯಾರಂಟಿ ಬದುಕುತ್ತದೆ. ಬೇರಿಲ್ಲದ್ದೂ ಬದುಕುತ್ತದೆ, ಸ್ವಲ್ಪ ತಾಳ್ಮೆ ಬೇಕು. ವಾರ ನೆರಳಿನಲ್ಲಿ ಒಣಗಿಸಿ, 4 ಇಂಚಿನ ಕುಂಡದಲ್ಲಿ ಇದೇ ಮಿಶ್ರಣದ ಮೇಲೆ ಕೂರಿಸಿದರೆ ತಿಂಗಳೊಳಗೆ ಬೇರು ಬಿಡುತ್ತದೆ. ಹೆಬ್ಬೆರಳಿಗಿಂತ ಸಣ್ಣದಿದ್ದರೆ ಅಮ್ಮನ ಜೊತೆಗೇ ಬಿಡಿ. ಪಟ್ಟೆ ತಳಿಯ ಮರಿಗಳಲ್ಲಿ ಒಂದೊಂದು ಪೂರ್ತಿ ಹಸಿರಾಗಿ ಬರಬಹುದು. ಅದು ಬೇಗ ಬೆಳೆದು ಪಟ್ಟೆಯದನ್ನು ನುಂಗುತ್ತದೆ, ಅದನ್ನು ಮೊದಲು ಬೇರೆ ಮಾಡಿ. ಐದೂ ಮರಿ ನೀವೇ ಇಟ್ಟುಕೊಳ್ಳಬೇಡಿ. ಎರಡು ವರ್ಷಕ್ಕೆ ಐದು ಇಪ್ಪತ್ತಾಗುತ್ತವೆ, ನನ್ನ ಟೆರೇಸ್ ಸಾಕ್ಷಿ.

ಒಣಗಿದ ನಾಲ್ಕು ಎಲೆಯನ್ನು ಈಗಲೇ ತೆಗೆಯಿರಿ, ಇಕ್ಕಳದಿಂದ ಹಿಡಿದು ಪಕ್ಕಕ್ಕೆ ಎಳೆದರೆ ಬರುತ್ತದೆ. ಹಸಿರು ಎಲೆ ಕೀಳಬೇಡಿ.

ಆಮೇಲೆ ಗಿಡವನ್ನೂ ಮರಿಗಳನ್ನೂ ಹಳೇ ಪೇಪರ್ ಮೇಲೆ ನೆರಳಿನಲ್ಲಿ ಮಲಗಿಸಿ. ಬೇಸಿಗೆಯಾದರೆ ಮೂರು ದಿನ. ಈಗಿನ ಮೋಡಕ್ಕೆ ಆರೇಳು ದಿನ ಬೇಕು. ಜನ ಇಲ್ಲೇ ಹೆದರುವುದು. ಬೇರು ಬಯಲಿಗೆ ಬಿದ್ದಿದೆ, ಸತ್ತೇ ಹೋಗುತ್ತದೆ ಅಂತ ಎರಡನೇ ದಿನಕ್ಕೇ ನೆಟ್ಟುಬಿಡುತ್ತಾರೆ. ಅಂಗಡಿ ಬಾಗಿಲ ಲೋಳೆಸರ ನೆನಪಿಸಿಕೊಳ್ಳಿ. ಕೊಯ್ದ ಜಾಗ ಮುಟ್ಟಿದರೆ ಒಣ ಸಿಪ್ಪೆಯ ಹಾಗೆ ಇರಬೇಕು, ಅಂಟಬಾರದು. ಅಲ್ಲಿಯವರೆಗೆ ಮುಟ್ಟಬೇಡಿ.

ನೆಡುವುದು ಐದು ನಿಮಿಷದ ಕೆಲಸ. ಕುಂಡದ ಅರ್ಧಕ್ಕೆ ಒಣ ಮಿಶ್ರಣ ಹಾಕಿ, ನಡುವೆ ಸಣ್ಣ ಗುಡ್ಡೆ ಮಾಡಿ, ಗುಡ್ಡೆಯ ಮೇಲೆ ಗಿಡ ಕೂರಿಸಿ ಬೇರನ್ನು ಸುತ್ತ ಇಳಿಬಿಡಿ. ಮಿಶ್ರಣ ತುಂಬುತ್ತಾ ಕಡ್ಡಿಯಿಂದ ಚುಚ್ಚಿ ಸಂದಿಗಳನ್ನು ಮುಚ್ಚಿ. ಎಲೆಗಳು ಹೊರಡುವ ಬುಡ ಮಣ್ಣಿನ ಮೇಲೆ ಇರಬೇಕು. ಕೆಳಗಿನ ಎಲೆಯ ಕಂಕುಳಿಗೆ ಮಣ್ಣು ತುಂಬಿದರೆ ಅಲ್ಲಿಂದಲೇ ಕೊಳೆ ಶುರು. ಮೇಲೆ ಒಂದು ಬೆರಳು ದಪ್ಪ ಬೇಬಿ ಜಲ್ಲಿ ಹರಡಿ, ಬುಡ ಒಣಗಿರುತ್ತದೆ, ನೀರು ಹಾಕುವಾಗ ಮಣ್ಣು ಎಲೆಗೆ ಸಿಡಿಯುವುದೂ ಇಲ್ಲ. ಅಂಚಿನಿಂದ ಒಂದು ಇಂಚು ಖಾಲಿ ಬಿಡಿ. ಗಿಡ ಅಲ್ಲಾಡುತ್ತಿದ್ದರೆ ಮೂರು ದಪ್ಪ ಕಲ್ಲು ಆನಿಸಿ, ಹೊಸ ಬೇರು ಹಿಡಿಯುವವರೆಗೆ.

ನೆಟ್ಟ ಮೇಲೆ ಇನ್ನೂ ಹತ್ತು ದಿನ ನೀರಿಲ್ಲ. ಒಣಗಿಸಿದ್ದು ಏಳು ದಿನ, ಇದು ಹತ್ತು, ಒಟ್ಟು ಹದಿನೇಳು. ಎಲೆ ಸ್ವಲ್ಪ ಸುಕ್ಕಾಗುತ್ತದೆ, ಅಂಚು ಒಳಗೆ ಮಡಚಿಕೊಳ್ಳುತ್ತದೆ. ಆಗಲಿ. ಮೊದಲ ನೀರು ಅರ್ಧ ಚೊಂಬು, ಕುಂಡದ ಅಂಚಿನ ಸುತ್ತ, ಸುಳಿಗೆ ಬೀಳದ ಹಾಗೆ. ಒಣಗಿ ಕಾದಿದ್ದ ಅಗೇವ್ ನೀರಿನ ಸುಳಿವು ಸಿಕ್ಕ ಕೂಡಲೇ ಕೆಲವೇ ದಿನದಲ್ಲಿ ಹೊಸ ಸಣ್ಣ ಬೇರು ಬಿಡುತ್ತದೆ. ಮರುಭೂಮಿಯಲ್ಲಿ ಮಳೆ ಬಂದಾಗ ಅದು ಮಾಡುವುದೇ ಹೀಗೆ, ಮಳೆ ಮುಗಿದರೆ ಆ ಬೇರನ್ನು ಬಿಟ್ಟುಬಿಡುತ್ತದೆ. ಎರಡು ವಾರ ಕಳೆದು ಎರಡನೇ ನೀರು, ಈ ಸಲ ತಳದಿಂದ ಸುರಿಯುವಷ್ಟು.

ಆಮೇಲೆ ದಿನ ಎಣಿಸಬೇಡಿ, ಕುಂಡ ನೋಡಿ. ಅಗರಬತ್ತಿ ಕಡ್ಡಿಯನ್ನು ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ, ಕಡ್ಡಿ ತಣ್ಣಗಿದ್ದರೆ ಇವತ್ತು ಬೇಡ. ನನ್ನ ಮಣ್ಣಿನ ಕುಂಡಗಳಿಗೆ ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೂರು ವಾರಕ್ಕೊಮ್ಮೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಜ್ಜಾ ಕೆಳಗೆ ಇಟ್ಟು ಹೆಚ್ಚಾಗಿ ಮರೆತುಬಿಡುತ್ತೇನೆ. ತಟ್ಟೆ ಇಟ್ಟರೆ ನಿಂತ ನೀರನ್ನು ಆಗಲೇ ಚೆಲ್ಲಿ, ಡೆಂಗಿ ಸೊಳ್ಳೆಗೆ ಅಷ್ಟೇ ನೀರು ಸಾಕು. ನಿಮ್ಮ ಮನೆಯದು ಬೋರ್‌ವೆಲ್ ನೀರಾದರೆ ಕುಂಡದ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ. ಅಗೇವ್ ಅದಕ್ಕೆ ಅಷ್ಟು ಬೇಗ ಸೋಲುವುದಿಲ್ಲ, ಆದರೂ ವರ್ಷಕ್ಕೆರಡು ಸಲ ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಸುರಿದು ಉಪ್ಪು ತೊಳೆಯಿರಿ. ಎರಡು ತಿಂಗಳು ಗೊಬ್ಬರದ ಮಾತೇ ಬೇಡ.

ಬಿಸಿಲಿಗೂ ಒಂದೇ ಸಲ ಇಡಬೇಡಿ. ಮೊದಲ ಎರಡು ವಾರ ಬೆಳಕು ಇರುವ ನೆರಳು. ಆಮೇಲೆ ಬೆಳಗಿನ ಎಳೆ ಬಿಸಿಲು. ಮೂರನೇ ನಾಲ್ಕನೇ ವಾರಕ್ಕೆ ಅದರ ಹಳೇ ಜಾಗ. ಪಟ್ಟೆ ತಳಿಯ ಹಳದಿ ಭಾಗದಲ್ಲಿ ಹಸಿರು ಇಲ್ಲದಿರುವುದರಿಂದ ಬೇಗ ಸುಡುತ್ತದೆ. ಸುಟ್ಟ ಕಲೆ ಎಲೆ ಇರುವವರೆಗೂ ಇರುತ್ತದೆ.

ಗಿಡ ಹಿಡಿಯಿತೋ ಇಲ್ಲವೋ ಅಂತ ಕೆದಕಿ ನೋಡುವ ಆಸೆ ಆಗುತ್ತದೆ. ಸುಳಿಯನ್ನು ನೋಡಿ ಸಾಕು. ಬಿಗಿಯಾಗಿ ಸುತ್ತಿಕೊಂಡ ಸುಳಿಯಿಂದ ಒಂದು ಎಲೆ ಬಿಡಿಸಿಕೊಂಡು ಹೊರಗೆ ಬಾಗಿದರೆ, ಅದರ ಬೆನ್ನ ಮೇಲೆ ಪಕ್ಕದ ಎಲೆಯ ಹಲ್ಲಿನ ಅಚ್ಚು ಕಾಣಿಸಿದರೆ, ಬೇರು ಕೆಲಸ ಶುರು ಮಾಡಿದೆ ಅಂತ ಅರ್ಥ. ಇದಕ್ಕೆ ಒಂದೂವರೆ, ಎರಡು ತಿಂಗಳು ಹಿಡಿಯಬಹುದು. ಬುಡ ಮೆತ್ತಗಾಗಿ ವಾಸನೆ ಬಂದರೆ ಮಾತ್ರ ತಡ ಮಾಡದೆ ಕಿತ್ತು, ಕೊಳೆತದ್ದನ್ನು ಗಟ್ಟಿ ಬಿಳಿ ಭಾಗ ಕಾಣುವವರೆಗೆ ಕೊಯ್ದು, ಎರಡು ವಾರ ಒಣಗಿಸಿ ಹೊಸದಾಗಿ ನೆಡಿ.

ಹೂವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೆದರಿಸಬಹುದು. ಅಗೇವ್ ಒಂದೇ ಸಲ ಹೂ ಬಿಟ್ಟು ಸಾಯುವುದು ನಿಜ. ಅಮೆರಿಕಾನಾ ನೆಲದಲ್ಲೇ ಹತ್ತರಿಂದ ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ಕುಂಡದಲ್ಲಿ ಇನ್ನೂ ನಿಧಾನ. ಕುಂಡ ಬದಲಿಸಿದ್ದಕ್ಕೆ ಹೂ ಬಂದು ಸಾಯುವುದಿಲ್ಲ.

ಕೊನೆಗೆ ನಿಮ್ಮತ್ತೆಯವರ ಮಾತು. ಶಾಸ್ತ್ರದ ವಿಷಯ ನನಗೆ ಗೊತ್ತಿಲ್ಲ, ಆದರೆ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಡೆಯುವ ದಾರಿಯಲ್ಲಿ, ಬಾಗಿಲ ಪಕ್ಕ, ಮೂರು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಅಗೇವ್ ಇರಬಾರದು. ಬಟ್ಟೆ ಒಣಹಾಕುವ ತಂತಿಯ ಕೆಳಗೂ ಬೇಡ. ಬಾಲ್ಕನಿಯ ಮೂಲೆಯಲ್ಲಿ, ಗೋಡೆಗೆ ಒತ್ತಿ, ಮುಂದೆ ಎರಡು ಮೆತ್ತನೆ ಗಿಡ ಅಡ್ಡ ಇಟ್ಟು ಇಡಿ. ಎಲೆ ತುದಿಯ ಕಂದು ಮುಳ್ಳನ್ನು ನೈಲ್ ಕಟರಿನಿಂದ ಅರ್ಧ ಸೆಂಟಿಮೀಟರ್ ಕತ್ತರಿಸಬಹುದು, ಹಸಿರು ಭಾಗ ಮುಟ್ಟದ ಹಾಗೆ. ಗಿಡಕ್ಕೆ ನೋವಿಲ್ಲ. ಅಷ್ಟಾದರೂ ಅವರು ಒಪ್ಪದಿದ್ದರೆ ಅಮ್ಮ ಗಿಡವನ್ನು ಟೆರೇಸಿಗೆ ಕಳಿಸಿ, ನರ್ಸರಿಯಲ್ಲಿ ಅಗೇವ್ ಅಟೆನುವಾಟಾ ಕೇಳಿ ತನ್ನಿ. ಅದಕ್ಕೆ ಮುಳ್ಳೇ ಇಲ್ಲ. ಅದರ ಕುಂಡ ಬದಲಿಸುವ ಕ್ರಮವೂ ಇದೇ, ಗ್ಲೌಸ್ ಮಾತ್ರ ತೆಳುವಾದದ್ದು ಸಾಕು.